ಸಹಿ ಇದ್ದ ಪಚಡಿ

ಮುಚ್ಚಂಡಿಯ ಸೋಮನಿಂಗಪ್ಪನಿಗೆ ಹಸಿ ಸೊಪ್ಪೆಂದರೆ ದನದ ಮೇವು. ಹೆಂಡತಿ ಹಾಲವ್ವ ಇಪ್ಪತ್ತು ವರ್ಷದಿಂದ ದಿನಾ ಹಕ್ಕರಕಿ ಸೊಪ್ಪು, ಮೂಲಂಗಿ, ಎಳೆ ಸವತಿಕಾಯಿ ಹೆಚ್ಚಿ, ಮೇಲೆ ಮೊಸರು ಸುರಿದು ಪಚಡಿ ಮಾಡುತ್ತಿದ್ದಳು. ಬರೀ ಮೊಸರಲ್ಲ, ಅದರಲ್ಲಿ ಹುರಿದು ಕುಟ್ಟಿದ ಅಗಸಿ, ಗುರೆಳ್ಳು, ಜಜ್ಜಿದ ಬೆಳ್ಳುಳ್ಳಿ, ಒಂದು ಚಮಚ ಕುಸುಬಿ ಎಣ್ಣೆ. ಪಕ್ಕದ ಮನೆಯ ಕಾಸೀಂಬಿ ಬಟ್ಟಲು ಹಿಡಿದುಕೊಂಡೇ ಬರುತ್ತಿದ್ದಳು. ಗಂಡ ಮಾತ್ರ ಅದನ್ನು ಬಾಯಿಗೂ ಇಡದೆ ಅತ್ತ ಸರಿಸಿ ಮಿರ್ಚಿಭಜಿ ಕೇಳುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವರು ಅವನ ಪಂಕ್ತಿಯಲ್ಲೇ ಕೂತು ಉಂಡಿರಬೇಕು.

ಭಜಿ ಸುಮ್ಮನೆ ಬಿಟ್ಟೀತೆ? ಮೂಲವ್ಯಾಧಿ ಹತ್ತಿತು. ಕೂತರೂ ನೋವು, ನಿಂತರೂ ನೋವು, ಮೇಲೆ ರಕ್ತ ಬೇರೆ. ಹತ್ತಿರದ ಜತ್ತ ಪಟ್ಟಣದ ಡಾಕ್ಟರು ನೋಡಿ, ‘ಮೂರು ತಿಂಗಳು ಪಥ್ಯ ಮಾಡ್ರಿ. ಇಲ್ಲಾಂದ್ರ ದೊಡ್ಡ ದವಾಖಾನಿಗಿ ಹೋಗಿ ಕೊಯ್ಸಬೇಕಾಗತೈತಿ’ ಎಂದರು. ಕೊಯ್ಯುವ ಮಾತು ಕೇಳಿ ಹಾಲವ್ವನಿಗೆ ಎರಡು ದಿನ ಅನ್ನ ಸೇರಲಿಲ್ಲ.

ಡಾಕ್ಟರು ಮರಾಠಿಯಲ್ಲಿ ಚೀಟಿ ಬರೆದುಕೊಟ್ಟಿದ್ದರು: ಹಸಿ ಸೊಪ್ಪಿನ ಮೇಲೆ ದಹಿ, ಅದರಲ್ಲಿ ಇಷ್ಟು ತೊಲಿ ಜವಸ, ಇಷ್ಟು ತೊಲಿ ಕಾರಳೆ, ಲಸೂಣ, ಕರಡೈ ತೇಲ. ಕೆಳಗೆ ಸಹಿ. ಸೋಮನಿಂಗಪ್ಪನಿಗೆ ಮರಾಠಿ ಬಾರದ್ದೇನಲ್ಲ. ಆದರೆ ಜತ್ತದ ಮರಾಠಿ ಅರಸರ ಸಂಸ್ಥಾನ ಮುಗಿದು ಐದು ವರ್ಷವಾಗಿದ್ದರೂ, ಮರಾಠಿಯಲ್ಲಿ ಬರೆದು ಸಹಿ ಮಾಡಿದ್ದೆಲ್ಲ ಅವನ ಪಾಲಿಗೆ ಅರಸರ ಹುಕುಂ. ಅಕ್ಕಸಾಲಿಗನ ತಕ್ಕಡಿ ಕೇಳಿ ತಂದು, ತಾನೇ ತೂಗಿ, ತಾನೇ ಕಲಸಿ, ಬೆರಳು ನೆಕ್ಕಿದ.

‘ಡಾಕ್ಟರ ಕೈಗುಣ ನೋಡ. ಇಷ್ಟ ವರ್ಷ ನಿನಗ ಇದು ತಿಳೀಲಿಲ್ಲ.’

ಹಾಲವ್ವನಿಗೆ ಮೊದಲ ವಾಸನೆಗೇ ಗುರುತು ಹತ್ತಿತ್ತು: ಜವಸವೆಂದರೆ ಅವಳ ಅಗಸಿ, ಕಾರಳೆ ಎಂದರೆ ಗುರೆಳ್ಳು, ಕರಡೈ ಎಂದರೆ ಕುಸುಬಿ. ಡಾಕ್ಟರ ಹೆಂಡತಿ ಇಂದ್ರಾಬಾಯಿ ಇದೇ ಊರಿನ ಮಗಳು. ಹಿಂದಿನ ಪಂಚಮಿಗೆ ತವರಿಗೆ ಬಂದಾಗ ಇಲ್ಲೇ ಉಂಡು, ಎಲ್ಲವನ್ನೂ ಕೇಳಿ ಬರೆದುಕೊಂಡು ಹೋಗಿದ್ದಳು. ಹೇಳಬೇಕೆಂದು ನಾಲಿಗೆ ತುದಿಗೆ ಬಂದರೂ, ಮೊದಲು ಗುಣವಾಗಲಿ ಎಂದು ಹಾಲವ್ವ ನುಂಗಿಕೊಂಡಳು.

ಎರಡು ತಿಂಗಳಿಗೆ ರಕ್ತ ನಿಂತಿತು. ಸೋಮನಿಂಗಪ್ಪ ಕಟ್ಟೆಯ ಮೇಲೆ ಕೂತು ಹತ್ತು ಮಂದಿಗೆ ಚೀಟಿ ಓದಿ ಹೇಳತೊಡಗಿದ. ಒಂದು ದಿನ, ‘ನಮ್ಮಾಕಿ ಕಲಸಿದ್ದು ಎತ್ತೂ ಮೂಸೂದಿಲ್ಲ’ ಎಂದದ್ದು ಹಾಲವ್ವನ ಕಿವಿಗೆ ಬಿತ್ತು. ಊಟಕ್ಕೆ ಕೂತಾಗ ಹೇಳಿಯೇ ಬಿಟ್ಟಳು:

‘ಅದು ನನ್ನ ಪಚಡೀರಿ. ಇಂದ್ರಾಬಾಯಿ ನನ್ನ ಕಡಿಂದ ಬರಕೊಂಡು ಹೋಗ್ಯಾಳ.’

ಅವನ ಕೈ ಬಾಯಿಯ ಹತ್ತಿರವೇ ನಿಂತಿತು.

‘ಖರೇನ?’

‘ಖರೇನ್ರಿ.’

‘ಹಂಗಾದ್ರ ಔಷಧ ಅಂತ ಇಷ್ಟ ದಿನ ನಿನ್ನ ಸೊಪ್ಪು ತಿಂದ್ನೇನ?’ ಎಂದು ತಾಟು ಸರಿಸಿ ಎದ್ದ. ಮರುದಿನದಿಂದ ಮತ್ತೆ ಭಜಿ. ಐದನೆಯ ದಿನಕ್ಕೆ ಮತ್ತೆ ರಕ್ತ.

ಹಾಲವ್ವ ಜತ್ತದ ಬಸ್ಸು ಹತ್ತಿದಳು. ಇಂದ್ರಾಬಾಯಿ ಎಲ್ಲ ಕೇಳಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಹಾಲವ್ವನ ಮುಖ ನೋಡಿ ನಗು ನಿಲ್ಲಿಸಿದಳು.

‘ವೈನಿ, ನಾನ ಊರಿಗಿ ಬಂದು ಎಲ್ಲಾರ ಮುಂದ ಹೇಳ್ತೀನಿ, ಇದು ನಿಮ್ದ ಅಂತ.’

‘ಬ್ಯಾಡವ್ವ, ಕೈ ಮುಗೀತೀನಿ. ಡಾಕ್ಟರ ಕಡಿಂದ ಹೊಸಾ ಚೀಟಿ ಬರಸಿಕೊಡು. ಬೆಳ್ಳುಳ್ಳಿ ತಗದು ಶುಂಠಿ ಹಾಕ್ಲಿ. ಹೆಂಡತಿ ಮಾಡೂ ಪಚಡಿ ಮುಟ್ಟಬಾರದು ಅಂತ ಕೆಳಗ ದಪ್ಪ ಅಕ್ಷರದಾಗ ಬರೀಲಿ. ಸಹಿ ಮಾತ್ರ ಮರೀಬ್ಯಾಡ.’

ಸಂಜೆ ಸೋಮನಿಂಗಪ್ಪ ಅವಳು ತಂದ ಹೊಸ ಚೀಟಿಯನ್ನು ಮೂರು ಸಲ ಓದಿದ. ಮುಖ ಅರಳಿತು.

‘ನೋಡಿದ್ಯಾ? ನಿಂದ ಬ್ಯಾರೆ, ಇದ ಬ್ಯಾರೆ.’

‘ಹೌದ್ರಿ, ಬ್ಯಾರೇನ ಐತಿ’ ಎಂದಳು ಹಾಲವ್ವ.

ಅವನು ತೂಗಿದ, ಕಲಸಿದ, ಉಂಡ. ಅವಳೂ ಒಂದಿಷ್ಟು ಬಾಯಿಗಿಟ್ಟುಕೊಂಡು ನೋಡಿದಳು. ಶುಂಠಿ ಹೊಂದಿರಲೇ ಇಲ್ಲ. ಗಂಡ ಎರಡನೆಯ ಸಲ ಹಾಕಿಕೊಳ್ಳುತ್ತಿದ್ದ.