ಎಣಿಸದ ರೊಟ್ಟಿ

ಈರಮ್ಮ ಆಯಿಯನ್ನು ಕಳ್ಳಿ ಅಂದದ್ದು ಒಂದು ಯಂತ್ರ. ಅದಕ್ಕೆ ಹಾಗನ್ನಲು ಕಲಿಸಿದವಳು ನಾನು. ಕಳುವಾಯಿತೆಂದ ರೊಟ್ಟಿಯನ್ನು ತಿಂದು, ಬಾಯಿ ಮುಚ್ಚಿಕೊಂಡು ನಿಂತವಳೂ ನಾನೇ.

ನಮ್ಮದು ಸ್ಟಾರ್ಟಪ್. ಹೆಸರು ಕೇಳಿ ಹೆದರಬೇಡಿ. ಜಹೀರಾಬಾದಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯ ಮೇಲೆ ಒಂದೇ ಒಂದು ಕೋಣೆ, ಐದು ಮಂದಿ, ಒಡೆಯ ಕ್ರಾಂತಿಕುಮಾರ. ಹೋಟೆಲುಗಳಿಗೆ ಬಿಲ್ಲಿಂಗ್ ಯಂತ್ರ ಮಾಡುತ್ತೇವೆ. ವೇಟರ್ ಟ್ಯಾಬಿನಲ್ಲಿ ಒತ್ತಿದರೆ ಆರ್ಡರು ಅಡುಗೆಮನೆಗೆ ಹೋಗುತ್ತದೆ, ಬಿಲ್ಲು ಗಲ್ಲಾಕ್ಕೆ ಬರುತ್ತದೆ, ದಿನದ ವರದಿ ಮಾಲಕರ ಮೊಬೈಲಿಗೆ ತಾನಾಗಿ ಹೋಗುತ್ತದೆ.

ನಮಗೆ ಸಿಕ್ಕ ಮೊದಲ ದೊಡ್ಡ ಗಿರಾಕಿ ಹಣಮಂತರಾಯರು. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಮೂರೂ ಕಡೆ ಅವರ ಹೋಟೆಲು. ಜಹೀರಾಬಾದಿನಲ್ಲಿ ನಾಲ್ಕು ತಿಂಗಳು ನಡೆಸಿ ತೋರಿಸಿ, ಸರಿ ಅನಿಸಿದರೆ ಮೂರಕ್ಕೂ ಹಾಕಿ ಅಂದಿದ್ದರು. ಹಾಗಾಗಿ ನಾನು ನಾಲ್ಕು ತಿಂಗಳು ಆ ಹೋಟೆಲಿನಲ್ಲೇ ಬಿದ್ದಿದ್ದೆ.

ಅಲ್ಲಿ ಊಟದ ಹಾಲ್‌ನ ಮೂಲೆಯಲ್ಲಿ, ಉಣ್ಣುವವರಿಗೆ ಕಾಣುವ ಹಾಗೆ, ಈರಮ್ಮ ಆಯಿಯ ರೊಟ್ಟಿ ಒಲೆ. ಮೊಗುಡಂಪಲ್ಲಿಯಿಂದ ದಿನಾ ಬೆಳಿಗ್ಗೆಯ ಬಸ್ಸಿಗೆ ಬರುತ್ತಿದ್ದಳು. ಊಟದ ತಟ್ಟೆಗೆ ಎರಡು ರೊಟ್ಟಿ ಅಂತ ನಿಯಮ. ಆಯಿ ರೊಟ್ಟಿ ಬಡಿಯುತ್ತಲೇ ಎಲ್ಲರ ಮುಖ ನೋಡುವಳು. ಯಾರಿಗೋ ಇನ್ನೂ ಹಸಿವಿದೆ ಅನಿಸಿದರೆ ಎದ್ದು ಹೋಗಿ ಬಿಸಿ ರೊಟ್ಟಿಯನ್ನು ತಟ್ಟೆಗೆ ಹಾಕಿ ಬರುವಳು. ಬೇಕಾ ಅಂತ ಕೇಳುತ್ತಿರಲಿಲ್ಲ.

ನನ್ನನ್ನಂತೂ ಬಿಡುತ್ತಲೇ ಇರಲಿಲ್ಲ. “ಏ ಸಿರ್ಗಾಪುರದಾಕಿ, ಆ ಡಬ್ಬಿ ನೋಡ್ಕೋತ ಕುಂತ್ರ ಹೊಟ್ಟಿ ತುಂಬ್ತದೇನ? ಮೊದಲ ಉಣ್ಣು!” ಅಂತ ಗದರಿ, ನನ್ನ ಎರಡರ ಮೇಲೆ ಮತ್ತೆರಡು ಹಾಕುತ್ತಿದ್ದಳು.

“ಬೇಕೇನು ಅಂತ ಯಾಕ ಕೇಳಂಗಿಲ್ಲ ಆಯಿ?” ಅಂತ ಒಮ್ಮೆ ಕೇಳಿದೆ.

“ಕೇಳಿದ್ರ ನಾಚ್ಕೊಂಡು ಸಾಕು ಅಂತಾರವ್ವಾ. ದೊಡ್ಡ ಸಾವಕಾರ್ರು ನನಗ ಹೇಳ್ಯಾರ, ಉಣ್ಣೋರ ಬಾಯಿ ಕೇಳಬ್ಯಾಡ, ಮಾರಿ ನೋಡು ಅಂತ.”

ದೊಡ್ಡ ಸಾವಕಾರರು ಅಂದರೆ ಹಣಮಂತರಾಯರ ತಂದೆ. ನಾಲ್ಕು ಬೆಂಚಿನ ಖಾನಾವಳಿಯಾಗಿ ಆ ಹೋಟೆಲನ್ನು ಶುರು ಮಾಡಿದವರು. ಅವರು ತೀರಿ ಹತ್ತು ವರ್ಷವಾಗಿತ್ತು. ಆಯಿಗೆ ಅವರ ಮಾತು ಇನ್ನೂ ಹೊಸದಾಗಿಯೇ ಇತ್ತು.

ನಾಲ್ಕನೆಯ ತಿಂಗಳು ನನಗೊಂದು ಜಾಣತನ ಹೊಳೆಯಿತು. ಬೆಳಿಗ್ಗೆ ಒಲೆಗೆ ಕೊಟ್ಟ ಹಿಟ್ಟು ಎಷ್ಟು, ಬಿಲ್ಲಾದ ರೊಟ್ಟಿ ಎಷ್ಟು ಅಂತ ಯಂತ್ರವೇ ತಾಳೆ ನೋಡಲಿ, ಹೊಂದದಿದ್ದರೆ ಕೆಂಪು ತೋರಿಸಲಿ. ಕ್ರಾಂತಿಕುಮಾರ ಬೆನ್ನು ತಟ್ಟಿದ. ನಾನೂ ಬೀಗಿದೆ. ಮೊದಲ ವಾರದ ವರದಿ ಬಂತು. ದಿನಕ್ಕೆ ನಲವತ್ತು ರೊಟ್ಟಿಯ ಹಿಟ್ಟು ನಾಪತ್ತೆ! ಉದ್ದಕ್ಕೂ ಕೆಂಪು.

ನೋಡಿದ ಕೂಡಲೇ ನನಗೆ ಅರ್ಥವಾಯಿತು. ಆಯಿ ಹಾಕುವ ರೊಟ್ಟಿಯನ್ನು ಯಾವ ವೇಟರೂ ಟ್ಯಾಬಿನಲ್ಲಿ ಒತ್ತುತ್ತಿರಲಿಲ್ಲ. ಆ ನಲವತ್ತರಲ್ಲಿ ಎರಡು ನನ್ನವೇ. ಆದರೆ ವರದಿ ಆಗಲೇ ಹಣಮಂತರಾಯರ ಕೈಯಲ್ಲಿತ್ತು.

ಮರುದಿನ ಹೋಟೆಲು ತೆರೆಯುವ ಮುಂಚೆಯೇ ಅವರು ಬಂದರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಕ್ರಾಂತಿಕುಮಾರ ಕರಾರಿನ ಕಾಗದ ಹಿಡಿದು ನನ್ನ ಪಕ್ಕದಲ್ಲಿದ್ದ.

“ಈರಮ್ಮಾ, ದಿನಾ ನಲವತ್ತ್ ರೊಟ್ಟಿ ಹಿಟ್ಟು ಎಲ್ಲಿ ಹೋಗ್ತದ?”

“ಉಂಡೋರ ಹೊಟ್ಯಾಗ ಹೋಗ್ಯಾವ್ರಿ ಸಾವಕಾರ್ರ.”

“ಯಾರ್ ಉಂಡ್ರು? ಒಬ್ಬರ ಹೆಸರರೆ ಹೇಳು.”

ಆಯಿ ನನ್ನ ಕಡೆ ನೋಡಿದಳು. ಒಂದೇ ಸಲ. ಆಮೇಲೆ ತಲೆ ತಗ್ಗಿಸಿ, “ಉಣಿಸಿದ್ದು ಆಡಿ ತೋರ್ಸಬಾರ್ದ್ರಿ” ಅಂದಳು.

“ಸುಮ್ನಿರು ಶಿಲ್ಪಾ, ಇವತ್ತ ಸಹಿ ಅದ” ಅಂತ ಕ್ರಾಂತಿಕುಮಾರ ನನ್ನ ಕಿವಿಯಲ್ಲಿ ಉಸುರಿದ. ಬಾಯಿ ಬಿಟ್ಟರೆ ಯಂತ್ರ ತಪ್ಪು ಹೇಳಿದೆ ಅಂತಾಗುತ್ತಿತ್ತು, ಕರಾರು ಮುರಿಯುತ್ತಿತ್ತು. ನಾನು ಸುಮ್ಮನಾದೆ. ಅವನು ಹೇಳಿದ್ದಕ್ಕೆ ಸುಮ್ಮನಾದೆ ಅಂದರೆ ಅದೂ ಸುಳ್ಳೇ. ನನಗೂ ಆ ಸಹಿ ಬೇಕಿತ್ತು.

“ಚೀಲ ತೋರ್ಸು” ಅಂದರು ಹಣಮಂತರಾಯರು.

ಆಯಿ ತಾನೇ ಚೀಲವನ್ನು ರೊಟ್ಟಿ ಬಡಿಯುವ ಕಲ್ಲಿನ ಮೇಲೆ ಸುರಿದಳು. ಕನ್ನಡಕ, ಎಲೆ ಅಡಿಕೆಯ ಚಂಚಿ, ಬಸ್ಸಿನಲ್ಲಿ ತೋರಿಸುವ ಆಧಾರ್ ಕಾರ್ಡು. ಅಷ್ಟೇ. ಒಂದೊಂದಾಗಿ ತಿರುಗಿ ಚೀಲಕ್ಕೆ ಹಾಕಿ, ಕೈ ತೊಳೆದು ಹೊರಟುಹೋದಳು. ಹಂಚಿನ ಮೇಲೆ ಬಿಟ್ಟುಹೋದ ರೊಟ್ಟಿ ಸೀಯುತ್ತಿತ್ತು. ಸಹಿಯಾಯಿತು. ಕ್ರಾಂತಿಕುಮಾರ ಎಲ್ಲರಿಗೂ ಪೇಡಾ ಹಂಚಿದ, ನಾನೂ ತಿಂದೆ.

ಉಂಡ ಮನೆಯ ಜಂತಿ ಎಣಿಸಬಾರದು ಅಂತಾರೆ. ನಾನು ಜಂತಿ ಬಿಟ್ಟು ರೊಟ್ಟಿಯನ್ನೇ ಎಣಿಸಿದ್ದೆ. ಒಂಬತ್ತು ದಿನ ಅನ್ನ ಸೇರಲಿಲ್ಲ. ಹತ್ತನೆಯ ದಿನ ತಾಂಡೂರಿನಲ್ಲಿ ಯಂತ್ರ ಕೂಡಿಸುವಾಗ ಹಣಮಂತರಾಯರಿಗೆ ಎಲ್ಲವನ್ನೂ ಹೇಳಿಬಿಟ್ಟೆ.

“ನಮ್ಮಪ್ಪ ಹಂಗೇ ಉಣಿಸ್ತಿದ್ದ. ನಾ ಮರ್ತೇ ಹೋಗಿದ್ದೆ ನೋಡು” ಅಂದರು. “ಬರಾಕ ಹೇಳು ಆಕಿಗಿ.”

ಮರುದಿನ ಮಧ್ಯಾಹ್ನ ಮೊಗುಡಂಪಲ್ಲಿಗೆ ಹೋದೆ. ಆಯಿ ಬಾಗಿಲಲ್ಲಿ ನನ್ನನ್ನು ಕಂಡು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಲು ಹಿಡಿಯಲು ಬಗ್ಗಿದರೆ ಹಿಂದೆ ಸರಿದಳು. ಸಾವಕಾರರು ಕರೆದಿದ್ದಾರೆ ಅಂದೆ.

“ಇಲ್ಲ ತಂಗಿ. ಮಂದಿ ಮುಂದ ಚೀಲ ಸುರುವಿದೆ. ಇನ್ನ ಅಲ್ಲಿ ಹಿಟ್ಟಿಗಿ ಕೈ ಹೋಗಂಗಿಲ್ಲ” ಅಂದಳು. ಆಮೇಲೆ, “ಬಿಸಿಲಾಗ ಬಂದೀದಿ, ಉಂಡು ಹೋಗು” ಅಂದಳು.

ತಟ್ಟೆ ಇಟ್ಟಳು. ಎರಡು ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಹತ್ತು ದಿನದ ಹಸಿವೆಲ್ಲ ಒಮ್ಮೆಲೇ ಬಂದಂತಾಗಿ ಗಬಗಬ ತಿಂದೆ. ತಟ್ಟೆ ಖಾಲಿಯಾಯಿತು. ನನ್ನ ಹಸಿವು ನನ್ನ ಮುಖದ ಮೇಲೆಯೇ ಇತ್ತು, ಯಾರು ನೋಡಿದರೂ ತಿಳಿಯುವಷ್ಟು.

ಆಯಿ ರೊಟ್ಟಿ ಬುಟ್ಟಿ ಹಿಡಿದು ಹತ್ತಿರ ಬಂದಳು. ನನ್ನ ಮುಖ ನೋಡಲಿಲ್ಲ. ನೆಲ ನೋಡುತ್ತ ಕೇಳಿದಳು.

“ಎಷ್ಟ್ ಹಾಕ್ಲಿ?”

“ಸಾಕು ಆಯಿ” ಅಂದೆ.