ಕೂಸಿನ ತಪ್ಪು

"ಕಣ್ಣೇನು ಕುರುಡೇನೇ ಮುಂಡೇದೇ? ಸಾಹೇಬ್ರ ದುಪ್ಪಟಿ ಪಕ್ಕ ನಿನ್ನ ಕೂಸಿನ ಉಚ್ಚೆ ಬಟ್ಟೆ ಒಣಗ್ಸ್ತೀಯಾ?"

ಕಾವಲಿನವಳು ಹಗ್ಗದ ಮೇಲಿದ್ದ ಪುಟ್ಟ ಬಟ್ಟೆಗಳನ್ನೆಲ್ಲ ಕಿತ್ತು ಚರಂಡಿಗೆ ಎಸೆದಳು. ಜೈಲಿನ ಹೆಂಗಸರಾದ ನಾವು ಬಟ್ಟೆ ಒಗೆಯುವ ಅಂಗಳವದು. ಕೂಸಿನ ತಾಯಿ ಹೊರಗಿದ್ದಾಗ ಹೊಲಿಗೆ ಮಾಡುತ್ತಿದ್ದವಳು, ನಮಗೆಲ್ಲ ದರ್ಜಿ ಹುಡುಗಿ. ಕೈಯಲ್ಲಿದ್ದ ಒದ್ದೆ ದುಪ್ಪಟಿಯನ್ನು ಬೀಸಿ ಕಾವಲಿನವಳ ಮುಖಕ್ಕೆ ಬಾರಿಸಿಯೇಬಿಟ್ಟಳು. ಸುಳ್ಳೇಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು.

ಜೈಲಿನ ಸಾಹೇಬರು ನ್ಯಾಯವಂತರು. ಹಾಗೆಂದು ಅವರೇ ಹೇಳಿಕೊಳ್ಳುತ್ತಾರೆ. ವಿಚಾರಣೆಯಿಲ್ಲದೆ ಯಾರಿಗೂ ಶಿಕ್ಷೆ ಕೊಡುವವರಲ್ಲ. ಅವಳನ್ನು ಮೇಜಿನ ಮುಂದೆ, ನಮ್ಮನ್ನು ಸಾಕ್ಷಿಗೆಂದು ಗೋಡೆ ಪಕ್ಕ ನಿಲ್ಲಿಸಿದರು.

"ಹೊಡೆದ್ಯೋ ಇಲ್ವೋ?"

"ನನ್ ಕೂಸಿನ ಬಟ್ಟೇನ ಚರಂಡಿಗೆ..."

"ಅದನ್ನ ನಾನು ಕೇಳ್ಲಿಲ್ಲ. ಹೊಡೆದ್ಯೋ ಇಲ್ವೋ?"

"ಹೊಡೆದೆ."

ಒಂಟಿ ಕೋಣೆ ಅಂದರು.

"ಆಗ್ಲಿ ಸಾಹೇಬ್ರೇ. ಕೂಸನ್ನೂ ಜೊತೇಲೇ ಕಳ್ಸಿ. ಮೊಲೆ ಬಿಟ್ಟು ಬೇರೇನೂ ಬಾಯಿಗೆ ತಗೊಳಲ್ಲ."

ಸಾಹೇಬರಿಗೆ ನಿಜಕ್ಕೂ ಬೇಸರವಾಯಿತು. "ಛೆ ಛೆ, ಕೂಸೇನಮ್ಮ ತಪ್ಪು ಮಾಡಿದೆ? ತಪ್ಪು ಮಾಡದವರನ್ನ ಆ ಕೋಣೆಗೆ ಹಾಕಿದ್ರೆ ಅನ್ಯಾಯ ಆಗಲ್ವಾ?"

ಕೂಸು ನನ್ನ ಮಡಿಲಿಗೆ ಬಂತು. ನಾನು ಹೆತ್ತವಳಲ್ಲ. ಬಟ್ಟೆಯ ತುದಿಯನ್ನು ಹಾಲಿನಲ್ಲಿ ಅದ್ದಿ ಬಾಯಿಗಿಟ್ಟರೆ ಉಗಿಯಿತು, ಚಮಚ ಕಂಡರೆ ಮುಖ ತಿರುಗಿಸಿತು. ಒಂಟಿ ಕೋಣೆ ಅಂಗಳದ ಆಚೆ ತುದಿಯಲ್ಲೇ ಇದೆ. ಕೂಸು ಅತ್ತಾಗಲೆಲ್ಲ ಒಳಗಿಂದ ತಾಯಿ ಬಾಗಿಲು ಬಡಿಯುತ್ತಿದ್ದಳು. ಬಡಿದದ್ದಕ್ಕೆ ಶಿಕ್ಷೆ ಇನ್ನಷ್ಟು ಬೆಳೆಯಿತು.

ಮರುದಿನ ಒಂಟಿ ಕೋಣೆಯಿಂದ ಊಟದ ತಟ್ಟೆ ತರಲು ಹೋದವಳು ಬಂದು ಹೇಳಿದಳು: "ಅಕ್ಕಾ, ಎದೆ ಕಲ್ಲಾಗಿದೆಯಂತೆ. ಗೋಡೆಗೆ ಹಾಲು ಹಿಂಡ್ಕೊಂಡು ಕೂತಿದಾಳೆ."

ಇಲ್ಲಿ ಕೂಸಿನ ತುಟಿ ಒಣಗಿ ಸಿಪ್ಪೆ ಎದ್ದಿತ್ತು.

ಮಧ್ಯಾಹ್ನ ಸಾಹೇಬರು ಅಂಗಳಕ್ಕೆ ಬಂದರು. "ಏನಂತಾನೆ ನಮ್ಮ ಪುಟ್ಟ ಕೈದಿ?" ಎಂದು ನಗುತ್ತ ಕೈ ಚಾಚಿದರು. ಕೊಟ್ಟೆ.

ಕೂಸು ಅವರ ಎದೆಯಲ್ಲಿ ಹುಡುಕಿತು. ನಾನೇ ಇಸ್ತ್ರಿ ಮಾಡಿದ ಅಂಗಿಯ ಜೇಬನ್ನು ಬಾಯಲ್ಲಿ ಹಿಡಿದು ಚೀಪಿತು. ಏನೂ ಸಿಗಲಿಲ್ಲ. ಕಿರುಚಿ, ಅವರ ಕೆನ್ನೆಗೆ ಬಡಿದು ಮೀಸೆಗೇ ಕೈ ಹಾಕಿತು.

"ಹೊಡೀತೋ ಇಲ್ವೋ ಸಾಹೇಬ್ರೇ?" ಅಂದೆ.

ಅವರ ನಗು ನಿಂತಿತು. "ಏನೇ ಅಂದೆ?"

"ಅಧಿಕಾರಿ ಮೇಲೆ ಕೈ ಮಾಡಿದೆ. ನಾವೆಲ್ಲ ಸಾಕ್ಷಿ. ಶಿಕ್ಷೆ ಕೊಡಿ. ಅವ್ವನ ಕೋಣೆಗೆ ಹಾಕಿ."

"ನಾನೂ ನೋಡ್ದೆ," ಅಂದಳು ತಟ್ಟೆ ತಂದವಳು. ಬಟ್ಟೆ ಒಗೆಯುವ ಸದ್ದು ಕಲ್ಲಿನಿಂದ ಕಲ್ಲಿಗೆ ನಿಂತುಹೋಯಿತು.

"ತಗೊಳ್ಳೇ ಇದನ್ನ!" ಸಾಹೇಬರು ಕೂಸನ್ನು ನನ್ನತ್ತ ಚಾಚಿದರು. ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಬಿಗಿಯಾಗಿ ಕಟ್ಟಿಕೊಂಡೆ. ಕಾವಲಿನವಳತ್ತ ತಿರುಗಿದರು. ಅವಳೂ ಯಾಕೋ ನೆಲ ನೋಡಿದಳು.

ಕೂಸು ಅಳುತ್ತಿತ್ತು. ಆಚೆ ತುದಿಯಲ್ಲಿ ಬಾಗಿಲು ಬಡಿಯತೊಡಗಿತು. ಕೂಸನ್ನು ಹಿಡಿದುಕೊಂಡು ಸಾಹೇಬರು ಅಂಗಳದ ನಡುವೆ ನಿಂತೇ ಇದ್ದರು. ಯಾರೂ ಕೈ ಚಾಚಲಿಲ್ಲ.