ಕೆಳಗಿಡಲಾಗದ ಹಡಗು

ಪರಮೇಶ್ವರಪ್ಪನವರ ತಲೆ ಮತ್ತೆ ಎಡಕ್ಕೆ ವಾಲಿತು. ಮಗ ವಿಜಯಕುಮಾರ್ ಎತ್ತಿ ನೇರ ಮಾಡುತ್ತಿದ್ದ. ಕೈ ಬಿಟ್ಟರೆ ಅದೇ ಕಥೆ. ಬೆಳಗಿನ ಜಾವ ನಿದ್ದೆಯಲ್ಲೇ ಹೋದ ಮನುಷ್ಯ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪದ್ಧತಿಯಂತೆ ನಡುಮನೆಯಲ್ಲಿ ಹಲಗೆಗೆ ಒರಗಿಸಿ ಕೂರಿಸಿದ್ದಾಗಿತ್ತು. ಆದರೆ ಕತ್ತು ನಿಲ್ಲುತ್ತಿರಲಿಲ್ಲ.

"ತಡಿಯೋ ಮಾರಾಯ, ಹಂಗಲ್ಲ ಅದು. ಕತ್ತಿಗೊಂದು ಆಸರೆ ಬೇಕು" ಎಂದ ಪುಟ್ಟಯ್ಯ. ಭದ್ರಾವತಿಯ ಕಾರ್ಖಾನೆಯಲ್ಲಿ ಪರಮೇಶ್ವರಪ್ಪನವರ ಜೊತೆ ಸವೆದವನು. ಅತ್ತಿತ್ತ ನೋಡಿ ಪಕ್ಕದ ಸಣ್ಣ ಕೋಣೆಗೆ ಹೋದ. ಅಲ್ಲಿ ಮೇಜಿನ ಮೇಲೆ ಮರದ ಹಡಗಿತ್ತು, ತೋಳುದ್ದದ್ದು. ಅದರ ಪೀಠವೆಂದರೆ ಮೇಲ್ಗಡೆ ಅರ್ಧಚಂದ್ರ ಕೊರೆದ ಎರಡು ಹಲಗೆ ತುಂಡುಗಳು. ಒಂದನ್ನು ಕಳಚಿಕೊಂಡು ಬಂದು ಒರಗುಹಲಗೆಗೆ ಮೊಳೆ ಹೊಡೆದ. ಪರಮೇಶ್ವರಪ್ಪನವರ ಕತ್ತು ಅಳತೆ ಕೊಟ್ಟು ಮಾಡಿಸಿದಂತೆ ಅದರಲ್ಲಿ ಕೂತಿತು.

ಕಷ್ಟ ಬಂದದ್ದು ಹಡಗಿಗೆ. ಒಂದೇ ತುಂಡಿನ ಮೇಲೆ ಅದು ನಿಲ್ಲಲಿಲ್ಲ. ದಿಂಬಿನ ಮೇಲಿಟ್ಟರೆ ವಾಲಿ, ಹಾಯಿಕಂಬವೊಂದು ಕರಕ್ಕೆಂದಿತು. ಅಡ್ಡ ಮಲಗಿಸಿದರೆ ಒಂದು ಕಡೆಯ ಹಾಯಿದಾರಗಳೆಲ್ಲ ಜಜ್ಜಿಹೋಗುವಂತಿದ್ದವು. ಹೊರಗೆ ಬಿದಿರು ಬಂದಿದೆ ಎಂದು ಯಾರೋ ಕೂಗಿದರು. ಪುಟ್ಟಯ್ಯ ದಿಕ್ಕು ತೋಚದೆ ಹಡಗನ್ನು ತಂದು, ಗಂಡನ ಪಕ್ಕ ಕೂತಿದ್ದ ಮಹಾಂತಮ್ಮನ ಮಡಿಲಿಗಿಟ್ಟ.

"ಅಕ್ಕ, ಒಂಚೂರು ಹಿಡ್ಕೊಂಡಿರಿ. ಬಂದೆ."

ಹೋದವನು ಬರಲಿಲ್ಲ. ಸಾವಿನ ಮನೆಯಲ್ಲಿ ಕೆಲಸ ಗೊತ್ತಿರುವವನನ್ನು ಯಾರು ಬಿಡುತ್ತಾರೆ?

ಮಹಾಂತಮ್ಮ ಎರಡೂ ಕೈಯಲ್ಲಿ ಹಡಗನ್ನು ಹಿಡಿದು ಕೂತರು. ಅದನ್ನು ಅವರು ಮುಟ್ಟಿ ಎರಡು ವರ್ಷವಾಗಿತ್ತು.

*

ಪರಮೇಶ್ವರಪ್ಪನವರು ಕಾರ್ಖಾನೆಯಲ್ಲಿ ಮರದ ಅಚ್ಚು ಕೆತ್ತುತ್ತಿದ್ದರು. ಆ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಳಿಗೆ ಕಬ್ಬಿಣ ಎರೆಯುವುದು ಪುಟ್ಟಯ್ಯನ ವಿಭಾಗದ ಕೆಲಸ. ನಿವೃತ್ತಿಯಾದ ಮೇಲೆ ಅವರ ಜೊತೆಯವರಲ್ಲಿ ಕೆಲವರು ದೇವಸ್ಥಾನದ ಕಮಿಟಿ ಸೇರಿದರು, ಕೆಲವರು ಸಕ್ಕರೆ ಕಾಯಿಲೆಯವರ ಗುಂಪು ಸೇರಿದರು. ಇವರು ಮೊಬೈಲಿನಲ್ಲಿ ಯಾರೋ ಹಾಯಿಹಡಗಿನ ಮಾದರಿ ಕಟ್ಟುವುದನ್ನು ನೋಡಿ, ಹಳೇ ಬಾಗಿಲ ಚೌಕಟ್ಟಿನ ಹಲಸಿನ ಮರ ಸೀಳಲು ಕೂತರು. ದಾರಕ್ಕಾಗಿ ಬಸ್ಸು ಹತ್ತಿ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ, ಒಂದು ಉಂಡೆ ಹಿಡಿದು ಸಂಜೆಗೆ ವಾಪಸಾಗುತ್ತಿದ್ದರು.

"ನೀವು ಸಮುದ್ರ ನೋಡಿದ್ದೇ ಒಂದ್ಸಲ. ಅದೂ ಗೋಕರ್ಣದಲ್ಲಿ ಚಪ್ಪಲಿ ಕಳ್ಕೊಂಡು ಬಂದ್ರಿ. ನಿಮಗ್ಯಾಕ್ರೀ ಹಡಗು?" ಎಂದಿದ್ದರು ಮಹಾಂತಮ್ಮ.

"ಇಷ್ಟು ವರ್ಷ ಕೆತ್ತಿದ್ದೆಲ್ಲ ಕಬ್ಬಿಣ ಆಗಿ ಎಲ್ಲೆಲ್ಲಿಗೋ ಹೋಯ್ತು ಕಣೇ. ಒಂದಾದ್ರೂ ಮರವಾಗೇ ಮನೇಲಿರ್ಲಿ."

ಒಂದು ದಿನ ಮಹಾಂತಮ್ಮ ಧೂಳು ಒರೆಸಲು ಹೋಗಿ ಹಾಯಿಕಂಬ ಮುರಿದರು. "ಮುಟ್ಟಬೇಡ ಅದನ್ನ!" ಎಂದು ಪರಮೇಶ್ವರಪ್ಪ ಕಿರುಚಿದರು. ಊಟಕ್ಕೆ ಉಪ್ಪಿಲ್ಲದಿದ್ದರೂ ದನಿ ಎತ್ತದ ಮನುಷ್ಯ. ಅವತ್ತಿನಿಂದ ಆಕೆ ಆ ಕೋಣೆಯ ಹೊಸಿಲು ದಾಟಲಿಲ್ಲ. ಕಾಫಿ ಲೋಟ ಹೊಸಿಲ ಮೇಲಿಟ್ಟು ಬರುತ್ತಿದ್ದರು. ಸವತಿಯಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ ಎನಿಸುತ್ತಿತ್ತು.

ಹೋದ ತಿಂಗಳು ಅವರೇ ಕರೆದರು. "ಕೈ ನಡುಗುತ್ತೆ ಕಣೇ. ದಾರ ಹಿಡ್ಕೊಂಡ್ರೆ ಗಂಟು ಹಾಕ್ತೀನಿ. ಬಳೆ ತೆಗೆದಿಟ್ಟು ಬಾ, ಸಿಕ್ಕಾಕ್ಕೊಳ್ಳುತ್ತೆ."

"ನೀವು ಗಟ್ಟಿಯಾಗಿರೋವಾಗ ಬಳೆ ತೆಗೀಲಾ? ಬಿಡ್ತು ಅನ್ನಿ" ಎಂದು ಮಹಾಂತಮ್ಮ ಒಳಗೆ ಹೋಗಿ ಕುಕ್ಕರ್ ಇಟ್ಟರು. ಅರ್ಧ ಶಾಸ್ತ್ರ, ಅರ್ಧ ಸೇಡು. ಅವರು ಇನ್ನೊಮ್ಮೆ ಕೇಳಲಿಲ್ಲ.

*

ಮಧ್ಯಾಹ್ನದ ಹೊತ್ತಿಗೆ ಶಿವಮೊಗ್ಗದಿಂದ ಸುಭದ್ರಮ್ಮ ಬಂದರು, ತೀರಿಕೊಂಡವರ ಅಕ್ಕ. ತಮ್ಮನ ಪಾದ ಹಿಡಿದು ಅತ್ತು, ಮೂಗು ಒರೆಸಿಕೊಂಡು, ನಾದಿನಿಯ ಕಡೆ ತಿರುಗಿದರು. ಮಹಾಂತಮ್ಮನ ಮುಂಗೈ ತುಂಬ ಹಸಿರು ಗಾಜಿನ ಬಳೆ.

"ಇನ್ನೂ ತೆಗ್ಸಿಲ್ವಾ? ಹೆಣ ಎತ್ತೋಕೆ ಮುಂಚೆ ಆಗ್ಬೇಕು. ಅದೇನದು ಮಡಿಲಲ್ಲಿ? ಇಡಾಚೆ."

"ಇಡೋಕಾಗಲ್ಲ ಅತ್ತಿಗೆ. ವಾಲುತ್ತೆ."

ಸುಭದ್ರಮ್ಮ ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರನ್ನು ಕೇಳಿದರು. ಅವರು, "ನಮ್ಮಲ್ಲಿ ಅದು ಬೇಕೇ ಬೇಕು ಅಂತೇನಿಲ್ಲ. ಮಾಡೋರು ಮಾಡ್ತಾರೆ, ಬಿಡೋರು ಬಿಡ್ತಾರೆ" ಎಂದು ಹಾವೂ ಸಾಯದಂತೆ ಕೋಲೂ ಮುರಿಯದಂತೆ ಹೇಳಿ ಬಿಲ್ವಪತ್ರೆ ಆರಿಸತೊಡಗಿದರು.

"ಅಮ್ಮಂಗೆ ಇಷ್ಟ ಇಲ್ದಿದ್ರೆ ಬೇಡ ಬಿಡಿ ಅತ್ತೆ" ಎಂದ ವಿಜಯಕುಮಾರ್.

"ಸುಮ್ನಿರಪ್ಪ. ನನಗೆ ಇಷ್ಟ ಕೇಳಿದ್ರಾ ಯಾರಾದ್ರೂ? ನಿಮ್ಮ ಮಾವ ಹೋದಾಗ ನನಗೆ ಇಪ್ಪತ್ತಾರು. ಕಲ್ಲಿಗೆ ಕುಟ್ಟಿ ಒಡೆದ್ರು, ಗಾಜು ಚುಚ್ಚಿ ರಕ್ತ ಬಂತು. ಇವಳೇನು ಮೇಲಿಂದ ಇಳಿದು ಬಂದಳಾ?"

ಸುಭದ್ರಮ್ಮ ಹತ್ತಿರ ಬಂದು ಕೈ ಚಾಚಿದರು. ಮಹಾಂತಮ್ಮ ಹಡಗನ್ನು ಎದೆಗೆ ಒತ್ತಿಕೊಂಡರು. ಅಷ್ಟು ಹೊತ್ತೂ ಬತ್ತಿದ್ದ ಕಣ್ಣು ಆಗ ತುಂಬಿ ಬಂತು.

"ಅವ್ರು ಕೇಳಿದಾಗಲೇ ತೆಗೀಲಿಲ್ಲ ಅತ್ತಿಗೆ. ಒಂದು ಸಂಜೆ ತೆಗೆದಿಟ್ಟು ಅವರ ಪಕ್ಕ ಕೂತಿದ್ರೆ ಏನು ಗಂಟು ಹೋಗ್ತಿತ್ತು ನಂದು? ಅವ್ರಿಗೇ ತೆಗೀದೇ ಇರೋದನ್ನ ಇವತ್ತು ನಿಮಗೋಸ್ಕರ ತೆಗೀಲಾ?"

ಸುಭದ್ರಮ್ಮನಿಗೆ ಇದು ತಲೆಬುಡ ತಿಳಿಯಲಿಲ್ಲ. ದುಃಖಕ್ಕೆ ಏನೇನೋ ಆಡುತ್ತಿದ್ದಾಳೆ ಎಂದುಕೊಂಡರು. ಹಡಗು ಎಷ್ಟು ಹೊತ್ತು ಕೈಯಲ್ಲಿರುತ್ತೆ, ಮಣ್ಣು ಕೊಡೋ ಹೊತ್ತಿಗೆ ನೋಡೋಣ ಎಂದು ಪಕ್ಕದವರಿಗೆ ಕೇಳುವಂತೆಯೇ ಹೇಳಿದರು.

ಬಿದಿರು ಕಟ್ಟಿ ಹೂ ಸುತ್ತಿದ ವಿಮಾನದಲ್ಲಿ ಪರಮೇಶ್ವರಪ್ಪನವರನ್ನು ಒರಗುಹಲಗೆ ಸಮೇತ ಕೂರಿಸಿದರು. ಹಡಗು ಕಟ್ಟಿದೋರು ವಿಮಾನದಲ್ಲಿ ಹೊರಟ್ರು ನೋಡಿ ಎಂದು ಗೇಟಿನ ಬಳಿ ಯಾರೋ ಅಂದರು. ಯಾರೂ ನಗದ್ದರಿಂದ ಅವರೂ ಸುಮ್ಮನಾದರು. ಪುಟ್ಟಯ್ಯ ಮಹಾಂತಮ್ಮನ ಹತ್ತಿರ ಓಡಿಬಂದ.

"ಅಕ್ಕ, ಆ ತುಂಡು ಈಗ ಬಿಚ್ಚೋ ಹಂಗಿಲ್ಲ, ತಲೆ ವಾಲುತ್ತೆ. ನಾಳೆ ಹೊಸದು ಮಾಡ್ಕೊಡ್ತೀನಿ. ಇಲ್ಲಿ ಕೊಡಿ, ನಾನು ಹಿಡ್ಕೋತೀನಿ."

"ಬೇಡ ಪುಟ್ಟಯ್ಯ" ಎಂದು ಮಹಾಂತಮ್ಮ ವಿಮಾನದ ಹಿಂದೆ ನಡೆದರು. ಹಾಯಿಕಂಬಗಳು ತಂತಿಗೋ ಕೊಂಬೆಗೋ ತಗುಲದಂತೆ ತಗ್ಗಿಸಿ ಹಿಡಿದಿದ್ದರು.

ರುದ್ರಭೂಮಿಯಲ್ಲಿ ಕುಣಿಗೆ ಇಳಿಸಿ, ಅಂಗೈಗೆ ಲಿಂಗ ಕೊಟ್ಟು, ಪತ್ರೆ ಏರಿಸಿದ ಮೇಲೆ ಅಯ್ಯನವರು ಮನೆಯವರನ್ನು ಮಣ್ಣಿಗೆ ಕರೆದರು. ವಿಜಯಕುಮಾರ್ ಹಿಡಿಮಣ್ಣು ಹಾಕಿ ಹಿಂದೆ ಸರಿದ. ಮಹಾಂತಮ್ಮ ಮಣ್ಣು ಕೊಡಬೇಕಾದರೆ ಕೈ ಖಾಲಿ ಮಾಡಲೇಬೇಕು. ಸುಭದ್ರಮ್ಮ ಕಾದಿದ್ದವರಂತೆ ಮಗ್ಗುಲಿಗೆ ಬಂದು ನಿಂತರು. ಆ ಕಡೆಯಿಂದ ಪುಟ್ಟಯ್ಯ ಕೈ ಚಾಚಿದ.

ಮಹಾಂತಮ್ಮ ಪುಟ್ಟಯ್ಯನ ಕಡೆ ತಿರುಗಲಿಲ್ಲ.

"ಹಿಡ್ಕೊಳ್ಳಿ ಅತ್ತಿಗೆ. ಎರಡೂ ಕೈಲಿ, ಅಡಿಯಿಂದ. ನಿಮ್ಮ ತಮ್ಮ ಕಟ್ಟಿದ್ದು."

ಬೇಡವೆನ್ನಲು ಪುರುಸೊತ್ತಿರಲಿಲ್ಲ. ಸುಭದ್ರಮ್ಮ ಕೈ ಒಡ್ಡಿದರು. ಮಹಾಂತಮ್ಮ ಕೂತು ಮಣ್ಣು ಬಾಚಿದರು. ಬಳೆಗಳು ಸದ್ದು ಮಾಡುತ್ತ ಮಣಿಕಟ್ಟಿಗೆ ಜಾರಿದವು. ಒಂದು ಹಿಡಿ, ಇನ್ನೊಂದು ಹಿಡಿ. ಅವಸರವಿರಲಿಲ್ಲ.

ಹಿಂದೆ ಸುಭದ್ರಮ್ಮ ಉಸಿರು ಬಿಗಿಹಿಡಿದು ನಿಂತಿದ್ದರು. ಹಡಗಿನ ಅಡಿಗೆ ಬಳೆಯಿಲ್ಲದ ಅವರ ಬರಿಗೈಗಳು ಆಸರೆಯಾಗಿದ್ದವು. ಕಣ್ಣೀರು ಕೆನ್ನೆಯಿಂದ ಗಲ್ಲಕ್ಕಿಳಿದು ಹಾಯಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.